ಇಟ್ಟಿಗೆ ಸಾಲಿನ ಕಿಂಡಿ

ಅಂಗಡಿ ಕಾಂಪ್ಲೆಕ್ಸ್ ಒಂದರ ಕಾಂಕ್ರೀಟ್ ಗೋಡೆಯ ಮುಂದೆ, ಬೆರಳಷ್ಟು ಜಾಗ ಬಿಟ್ಟು, ಅಂದಕ್ಕೆಂದು ಕೆಂಪು ಇಟ್ಟಿಗೆ ಕಟ್ಟಿದ್ದರು. ಕೆಳಸಾಲಿನಲ್ಲಿ ಮಾತ್ರ ಗಾರೆ ತುಂಬದ ಒಂದು ಕಿಂಡಿ ಉಳಿದಿತ್ತು.

ಅದನ್ನು ಕಂಡರೆ ಪಕ್ಕದ ಇಟ್ಟಿಗೆಗೆ ಆಗದು. "ಏ ಬೊಚ್ಚುಬಾಯಿ, ನಾಳೆ ಉದ್ಘಾಟನೆ. ಬಂದವರೆಲ್ಲ ನಿನ್ನ ನೋಡಿ ನಗ್ತಾರೆ."

"ಹಿಂದೆ ಇಳಿದ ನೀರು ಹೊರಗೆ ಹೋಗಲಿ ಅಂತ ನನ್ನ ಬಿಟ್ಟಿದಾರೆ, ಅಕ್ಕ."

"ಯಾವ ನೀರು? ಬೆಂಕೀಲಿ ಬೆಂದು ಬಂದವಳು ನಾನು. ನನ್ನ ದಾಟಿ ಒಂದು ಹನಿ ಹೋಗಲಿ ನೋಡೋಣ!" ಎಂದ ಇಟ್ಟಿಗೆ, ಗಾರೆ ಮೆತ್ತುವ ಕರಣೆಯನ್ನು ಕೂಗಿತು. "ಕರಣೆ ಅಣ್ಣ, ಒಂದು ಮುದ್ದೆ ತಂದು ಇದನ್ನ ಮುಚ್ಚಿಬಿಡು."

ಕರಣೆ ಗಾರೆ ಎತ್ತಿಕೊಂಡು ಬರುವಷ್ಟರಲ್ಲಿ ಮಳೆ ಹೊಯ್ಯಿತು. ಕರಣೆ ಅಲ್ಲೇ ಇದ್ದ ಹಲಗೆಯಡಿ ಹೋಗಿ ನಿಂತಿತು. ಬೆಂಕಿಯಲ್ಲಿ ಬೆಂದ ಇಟ್ಟಿಗೆ ನೀರನ್ನು ಗಟಗಟ ಕುಡಿಯಿತು. ಕುಡಿದು ಮಿಕ್ಕಿದ್ದು ಸಂದಿಗಳಲ್ಲಿ ನುಸುಳಿ ಹಿಂದೆ ಇಳಿಯಿತು.

"ಅಯ್ಯಯ್ಯೋ, ಬೆನ್ನ ಹಿಂದೆ ಹೊಳೆ ಬಂತು! ಕಳಚಿ ಬೀಳ್ತೀನಿ, ಯಾರಾದ್ರೂ ಹಿಡ್ಕೊಳ್ರೋ!"

"ಹೆದರಬೇಡ, ಇತ್ತ ಕಳಿಸು" ಎಂದಿತು ಕಿಂಡಿ. ನೀರು ಗುಳುಗುಳು ಎಂದು ಕಾಲುದಾರಿಗೆ ಹಾರಿತು. ಹಿಂದಿನ ಕಾಂಕ್ರೀಟ್ ಗೋಡೆ ಕಚಗುಳಿ ತಾಳದೆ ಕಿಸಕ್ಕೆಂದಿತು. ಬೆನ್ನು ಹಗುರಾದ ಇಟ್ಟಿಗೆಗೂ ನಗು ತಡೆಯಲಿಲ್ಲ.

ಮಳೆ ನಿಂತಿತು. ಕರಣೆ ಇಣುಕಿ ಕೇಳಿತು: "ಅಕ್ಕಾ, ಗಾರೆ ಒಣಗ್ತಾ ಇದೆ. ಮುಚ್ಚಲಾ?"

"ಮುಚ್ಚು," ಎಂದಿತು ಇಟ್ಟಿಗೆ, "ನಿನ್ನ ಬಾಯಿ!"