ಪಾಲಿಗೆ ಬಂದ ಕಲ್ಲು

"ಬುದ್ಧಿ, ಅಣ್ಣನೂ ನಾನೂ ಮಾತು ಬಿಟ್ಟು ವರ್ಷಗಳಾಯ್ತು. ಈಗ ಹುಷಾರಿಲ್ಲ, ಬಂದು ಹೋಗು ಅಂತ ಹೇಳಿ ಕಳಿಸಿದಾನೆ. ಬರಿಗೈಲಿ ಹೆಂಗೆ ಹೋಗೋದು? ಕುಯ್ಲು ಮುಗಿಸಿ, ಹೊಸ ಅಕ್ಕಿ ತಗೊಂಡು ಹೋದ್ರೆ ಆಗಲ್ವಾ?" ಅಂತ ಶಿಷ್ಯ ಗುರಸಿದ್ದ ಕೇಳಿದ.

ಗುರುಗಳು ವೀಳ್ಯದೆಲೆಗೆ ಸುಣ್ಣ ಸವರ್ತಾ ಕತೆ ಶುರು ಮಾಡಿದ್ರು.

ಒಂದೂರಲ್ಲಿ ಅಣ್ಣ ತಮ್ಮ ಇದ್ರು. ಹಳ್ಳದ ದಂಡೇಲಿ ಅವರದೊಂದು ನೀರುಗಿರಣಿ. ನೀರು ಚಕ್ರ ತಿರುಗಿಸೋದು, ಚಕ್ರ ಮೇಲ್ಗಲ್ಲು ತಿರುಗಿಸೋದು, ಕೆಳಗಲ್ಲು ಅಲ್ಲಾಡದೆ ಕೂತಿರೋದು. ಹಿಟ್ಟು ಎಷ್ಟು ನುಣ್ಣಗೆ ಅಂತೀಯ! ಇರುವೆ ಹತ್ತಿದ್ರೆ ಜಾರಿ ಬೀಳೋದು.

"ಇರುವೆ ಎಲ್ಲಾದ್ರೂ ಜಾರುತ್ತಾ ಬುದ್ಧಿ?"

"ಜಾರಿದ್ದು ಆನೆ ಕಣೋ. ನೀನು ನಂಬಲ್ಲ ಅಂತ ಇರುವೆ ಅಂದೆ. ಸುಮ್ಮನೆ ಕೇಳು."

ಅಪ್ಪ ತೀರಿಕೊಂಡ ಮೇಲೆ ಪಾಲಾಯ್ತು. ಗಿರಣಿ ಇಬ್ಬರಿಗೂ ಬೇಕು, ಇಬ್ಬರೂ ಬಿಡಲ್ಲ. ಪಂಚಾಯ್ತಿಯವರು ಬೇಸತ್ತು, ಮೇಲ್ಗಲ್ಲು ತಮ್ಮನಿಗೆ, ಕೆಳಗಲ್ಲು ಅಣ್ಣನಿಗೆ ಅಂತ ಹಂಚಿಬಿಟ್ರು. ತಮ್ಮ ತನ್ನ ಕಲ್ಲನ್ನ ಗೋಡೆಗೆ ಒರಗಿಸಿದ. ಅಣ್ಣ ತನ್ನದನ್ನ ಬಾಗಿಲ ಮುಂದೆ ಕೂರೋಕೆ ಹಾಕ್ಕೊಂಡ. ಗಿರಣಿ ಹಾಳುಬಿತ್ತು.

ಇಬ್ಬರಿಗೂ ವಯಸ್ಸಾಯ್ತು. ಒಂದಿನ ಅಣ್ಣ ಹೇಳಿ ಕಳಿಸಿದ. "ತಮ್ಮಾ, ನಿನ್ನ ಕಲ್ಲು ತಗೊಂಡು ಬಾರೋ. ಸಾಯೋದ್ರೊಳಗೆ ಒಂದ್ಸಲ ನಮ್ಮ ಗಿರಣಿ ಹಿಟ್ಟಿನ ಮುದ್ದೆ ತಿನ್ನಬೇಕು."

ತಮ್ಮನಿಗೆ ಕಣ್ಣು ತುಂಬಿ ಬಂತು. ಆದ್ರೆ ಹಾಳುಬಿದ್ದ ಗಿರಣಿಗೆ ಅಣ್ಣನ್ನ ಹೆಂಗೆ ಕರೆಯೋದು? ಎಲ್ಲಾ ಸರಿ ಮಾಡಿ ಆಮೇಲೆ ಹೋಗ್ತೀನಿ ಅಂದ. ಕಾಲುವೆ ಹೂಳು ತೆಗೆಸಿದ. ಹೊಸ ಚಕ್ರ ಮಾಡಿಸಿದ. ಅದು ಅಂದವಾಗಿಲ್ಲ ಅಂತ ಕಳಚಿಸಿ ಇನ್ನೊಂದು ಮಾಡಿಸಿದ. ಸೂರಿಗೆ ಹೆಂಚು, ಗೋಡೆಗೆ ಸುಣ್ಣ. ಅತ್ಲಾಗೆ ಅಣ್ಣ ದಿನಾ ಆ ಕಲ್ಲಿನ ಮೇಲೆ ಕೂತು ದಾರಿ ನೋಡ್ತಿದ್ದ.

ಕೊನೆಗೂ ತಮ್ಮ ಗಾಡಿ ಕಟ್ಟಿಕೊಂಡು ಹೋದ. ಬಾಗಿಲ ಮುಂದೆ ಕಲ್ಲಿತ್ತು, ಅಣ್ಣ ಇರಲಿಲ್ಲ.

"ಅವರು ಸುಗ್ಗಿಗೆ ಮುಂಚೇನೇ ಹೋಗಿಬಿಟ್ರು. ಕಲ್ಲು ನಿನಗೇ ಅಂದಿದ್ರು, ಎತ್ಕೊಂಡು ಹೋಗಪ್ಪ" ಅಂದಳು ಅತ್ತಿಗೆ.

ತಂದು, ಎರಡೂ ಕಲ್ಲು ಕೂಡಿಸಿ, ನೀರು ಬಿಟ್ಟು, ರಾಗಿ ಸುರಿದ. ಚಕ್ರ ತಿರುಗ್ತು, ಕಲ್ಲೂ ತಿರುಗ್ತು. ರಾಗಿ ಮಾತ್ರ ಹಾಕಿದ ಹಾಗೇ ಈಚೆಗೆ ಬಂತು. ಮೇಲ್ಗಲ್ಲು ಎತ್ತಿಸಿ ನೋಡಿದ್ರೆ, ಅಣ್ಣ ಕೂತಿದ್ದ ಜಾಗ ಮೊರದಗಲ ಸವೆದು ಗುಳಿ ಬಿದ್ದಿತ್ತು. ತಮ್ಮ ಆ ಗುಳೀಲಿ ಮುಖ ಇಟ್ಟು ಅತ್ತ.

ಗುರಸಿದ್ದನಿಗೆ ನಗು ಬಂತು. "ಆನೆ ಬೇಕಾದ್ರೆ ಜಾರಲಿ ಬುದ್ಧಿ, ಕೂತ್ರೆ ಕಲ್ಲು ಸವೆಯುತ್ತಾ?"

ಗುರುಗಳು ಎಲೆ ಮಡಚಿ ಕೈಯಲ್ಲೇ ಹಿಡ್ಕೊಂಡ್ರು.

"ಕಾಯ್ತಾ ಕೂತ್ರೆ ಸವೆಯುತ್ತೆ ಕಣೋ."