ನೂರು ಬತ್ತಿಯ ದೀಪ ತಂದವನು

ಶಿಷ್ಯ ಪುಟ್ಟಲಿಂಗ ಗುರುವನ್ನು ಕೇಳಿದ: "ಗುರುಗಳೇ, ನನ್ನ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ತರಬೇಕು. ಪರದೆಯ ಮೇಲೆ ಚಿತ್ರ ಮೂಡಿಸುವುದೇ ಅದು. ಅಂಗಡಿಯಲ್ಲಿ ಅಂಗೈಯಷ್ಟು ಚಿಕ್ಕದೂ ಇದೆ, ಇಟ್ಟಿಗೆಯಷ್ಟು ದಪ್ಪದ ಮೂರು ಫ್ಯಾನಿನದೂ ಇದೆ. ಪಕ್ಕದ ಬೀದಿಯವನು ಮೂರು ಫ್ಯಾನಿನದನ್ನೇ ತಂದಿದ್ದಾನೆ. ನಾನೂ ದೊಡ್ಡದನ್ನೇ ತಂದುಬಿಡಲೇ?"

ಗುರು ಹೇಳಿದ: "ಕೂತುಕೋ. ಇದು ನಡೆದದ್ದು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸು."

ಒಬ್ಬ ತೊಗಲುಗೊಂಬೆಯವನಿದ್ದ. ಎರಡು ಗೇಣಿನ ಗೊಂಬೆಗಳು, ಒಂದು ಪಂಚೆಯಗಲದ ಪರದೆ, ಅದರ ಹಿಂದೆ ಒಂದೇ ಬತ್ತಿಯ ಹಣತೆ. ಇಷ್ಟರಲ್ಲೇ ಅವನ ಮನೆತನ ಏಳು ತಲೆಮಾರು ಒಂದೇ ಊರಿನಲ್ಲಿ ಆಟ ಆಡಿಸಿಕೊಂಡು ಬಂದಿತ್ತು.

ಒಂದು ವರ್ಷ ಆ ಊರಿಗೆ ಹೊರಗಿನಿಂದ ಇನ್ನೊಬ್ಬ ಗೊಂಬೆಯವ ಬಂದ. ಅವನ ಗೊಂಬೆ ಆಳೆತ್ತರ, ಪರದೆ ಹನ್ನೆರಡು ಮೊಳ, ದೀಪವೂ ಅದಕ್ಕೆ ತಕ್ಕಷ್ಟು ದೊಡ್ಡದು. ಅವನ ಆಟ ನೋಡಿದ ಊರಿನ ಯಜಮಾನ ನಮ್ಮವನನ್ನು ಕರೆದು ಅಂದ: "ನಿನ್ನದು ಹಳೆಯ ಹಕ್ಕು, ಇಲ್ಲ ಅನ್ನುವುದಿಲ್ಲ. ನಾಳೆ ನೀನು ಆಡಿಸು. ಮಂಗಳ ಹಾಡುವ ತನಕ ನಿನ್ನ ದೀಪ ಉರಿದರೆ ಊರು ನಿನಗೇ. ನಡುವೆ ಆರಿದರೆ ಅವನಿಗೆ."

ಹೊರಗಿನವನ ಗೊಂಬೆಯಾಗಲಿ ಪರದೆಯಾಗಲಿ ನಮ್ಮವನ ನೆನಪಿನಲ್ಲಿ ಉಳಿಯಲಿಲ್ಲ. ಕಣ್ಣಿಗೆ ಕಟ್ಟಿದ್ದು ಆ ದೀಪವೊಂದೇ. ಕಂಚುಗಾರನ ಮನೆಗೆ ಓಡಿದ.

"ನಿನ್ನ ಪರದೆ ಎಷ್ಟು ಮೊಳವಪ್ಪಾ?" ಕಂಚುಗಾರ ಕೇಳಿದ.

"ಪರದೆಯ ಗೊಡವೆ ನಿನಗ್ಯಾಕೆ? ಇರುವುದರಲ್ಲೆಲ್ಲ ದೊಡ್ಡ ದೀಪ ಕೊಡು."

ನೂರು ಬತ್ತಿಯ ದೀಪ ಬಂತು. ಅದನ್ನು ಎಳೆದು ತರಲು ಎಂಟು ಎತ್ತು ಬೇಕಾದವು. ಎಂಟೂ ಆಮೇಲೆ ಮೂರು ದಿನ ಮೇವು ಮುಟ್ಟಲಿಲ್ಲ.

ಮರುದಿನ ಸಂಜೆ ನೂರು ಬತ್ತಿಯೂ ಹೊತ್ತಿತು. ಏಳು ಊರಿನ ಹುಂಜಗಳು ಒಟ್ಟಿಗೆ ಕೂಗಿದವು. ಹೊಳೆಯಾಚೆಯ ಮಡಿವಾಳ ಬೆಳಗಾಯಿತೆಂದು ಕತ್ತೆಯ ಮೇಲೆ ಬಟ್ಟೆ ಹೇರಿದ. ಕತ್ತೆ ಹೊರಡಲಿಲ್ಲ, ಅದಕ್ಕೆ ಬುದ್ಧಿಯಿತ್ತು. ಜನ ಭಲೇ ಭಲೇ ಅಂದರು. ಗೊಂಬೆಯವ ಉಬ್ಬಿ ಹೋದ. ರಾಮನನ್ನು ಎತ್ತಿ ಹಿಡಿದ.

ಒಂದು ಬತ್ತಿಗೆ ಒಂದು ನೆರಳು. ನೂರು ಬತ್ತಿಗೆ ನೂರು. ಪರದೆಯ ತುಂಬ ತಲೆಗಳೇ ತಲೆಗಳು.

"ಲೇ, ರಾವಣ ಇಷ್ಟು ಬೇಗ ಬಂದುಬಿಟ್ಟನೇನೋ?" ಒಬ್ಬ ಕೂಗಿದ.

"ರಾಮ ಕಣೋ ಅದು, ಬಿಲ್ಲು ನೋಡು!"

"ಯಾವ ಬಿಲ್ಲೋ ಮಾರಾಯ? ಅಲ್ಲಿ ಬಿದಿರುಮೆಳೆ ನಿಂತಿದೆ!"

ಜನ ಬಿದ್ದುಬಿದ್ದು ನಕ್ಕರು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿಯೋಣವೆಂದರೆ ಬಟ್ಟೆ ಕಾದ ಹೆಂಚಾಗಿತ್ತು. ಹಿಂದಕ್ಕೆ ಸರಿಯೋಣವೆಂದರೆ ಬೆನ್ನಿಗೆ ದೀಪ. ಗೊಂಬೆಯವನ ಮೂಗಿಗೆ ಸುಟ್ಟ ತೊಗಲಿನ ವಾಸನೆ ಬಡಿಯಿತು.

ತಾಳ ಹಾಕಿ ಹಾಡುತ್ತಿದ್ದ ಹೆಂಡತಿ ಪಿಸುಗುಟ್ಟಿದಳು: "ಆರಿಸಿಬಿಡಿ. ಸೀತಮ್ಮನ ಕೈ ಮುದುರುತ್ತಾ ಇದೆ."

"ಬಾಯಿ ಮುಚ್ಚಿಕೊಂಡು ಹಾಡೇ. ಮಂಗಳಕ್ಕೆ ಇನ್ನು ನಾಲ್ಕೇ ಪದ."

"ಬಾಯಿ ಮುಚ್ಚಿಕೊಂಡು ಹೆಂಗೆ ಹಾಡಲಿ? ಊರು ಹೋದರೆ ಇನ್ನೊಂದು ಊರಿದೆ. ನಿಮ್ಮ ಮುತ್ತಜ್ಜ ಕೊರೆದ ಗೊಂಬೆ ಇನ್ನೊಂದು ಇದೆಯಾ?"

ಅವನ ಕೈ ದೀಪದ ಕಡೆ ಹೋಯಿತು. ಪರದೆಯಾಚೆ ಯಜಮಾನನ ಕೆಮ್ಮು ಕೇಳಿಸಿತು. ಕೈ ಹಿಂದೆ ಬಂತು.

ಮೊದಲ ಪದಕ್ಕೆ ಸೀತೆಯ ಕೈ ಹಪ್ಪಳದಂತೆ ಸುರುಟಿತು. ಎರಡನೆಯದಕ್ಕೆ ಲಕ್ಷ್ಮಣ ಕುಗ್ಗಿ ಮಗುವಾದ. ಮೂರನೆಯದಕ್ಕೆ, ಲಂಕೆ ಸುಡುವ ಮುಂಚೆಯೇ ಹನುಮನ ಬಾಲ ಸುಟ್ಟಿತು. ಹೆಂಡತಿಯ ದನಿ ನಿಂತಿತು. ನಾಲ್ಕನೆಯ ಪದವನ್ನೂ ಮಂಗಳವನ್ನೂ ಅವನೊಬ್ಬನೇ ಹಾಡಿದ. ಬೆವರೋ ಕಣ್ಣೀರೋ, ಎದೆಯ ಮೇಲೆ ಇಳಿಯುತ್ತಿತ್ತು. ಕೈಯಲ್ಲಿ ಬರೀ ಬಿದಿರುಕಡ್ಡಿ ಉಳಿದಿತ್ತು.

ಯಜಮಾನ ಪರದೆಯ ಹಿಂದೆ ಬಂದು ನೋಡಿದ. ನೂರು ಬತ್ತಿಯೂ ಧಗಧಗ ಉರಿಯುತ್ತಿದ್ದವು. ಯಾರೂ ನಗಲಿಲ್ಲ.

"ಕೊಟ್ಟ ಮಾತು ಮಾತೇ," ಅಂದ. "ದೀಪ ಆರಲಿಲ್ಲ. ಊರು ನಿನ್ನದು. ನಾಳೆಯಿಂದ ಏನು ಆಡಿಸುತ್ತೀಯ?"

ಗುರು ಕಥೆ ಅಲ್ಲಿಗೆ ಮುಗಿಸಿದ. ಪುಟ್ಟಲಿಂಗ ಮೆಲ್ಲಗೆ ಕೇಳಿದ: "ಹಾಗಾದರೆ ಚಿಕ್ಕ ಕಾರ್ಡೇ ಸಾಕೆ, ಗುರುಗಳೇ?"

"ದೊಡ್ಡದೋ ಚಿಕ್ಕದೋ ಎಂದು ನೀನು ಎರಡು ಸಲ ಕೇಳಿದೆ ಮಗನೇ, ಒಂದು ಸಲವೂ ಹೇಳಲಿಲ್ಲವಲ್ಲ: ಅದರಿಂದ ನಿನಗೆ ಆಗಬೇಕಾದ ಕೆಲಸ ಯಾವುದು?"