ಚಾಪೆ ಹೆಣೆಯುವವಳ ರಾಗ

"ಗುರುಗಳೇ, ಇನ್ನು ನಾನೂ ಚರ್ಚಿನ ಸಭೆಗಳಿಗೆ ಹೋಗಿ ಕೀರ್ತನೆ ಕಲಿಸಬೇಕು. ನಾನು ಕಲಿಸುವ ರಾಗ ನಿಜವಾದದ್ದೇ ಎಂದು ಹೇಗೆ ತಿಳಿಯಲಿ?" ಎಂದು ಬೆನ್ಯಾಮಿನ ಕೇಳಿದ.

ಗುರುಗಳು ಹಾರ್ಮೋನಿಯಂ ಮುಚ್ಚಿಟ್ಟು ಒಂದು ಕತೆ ಹೇಳಿದರು.

ಒಬ್ಬ ಕೀರ್ತನೆಯ ಪಂಡಿತನಿದ್ದ. ಅವನ ಊರು ಕೇಳಬೇಡ. ನಾನು ಒಂದೊಂದು ಸಲ ಒಂದೊಂದು ಊರು ಹೇಳಿಬಿಡುತ್ತೇನೆ. ಪಾದ್ರಿಗಳನ್ನು ತಯಾರು ಮಾಡುವ ದೇವಜ್ಞಾನ ಶಾಲೆಯಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿದ. ರಜೆ ಬಂದರೆ ಸಾಕು, ಹಳೆಯ ರಾಗಗಳನ್ನು ಹುಡುಕಿಕೊಂಡು ದೋಣಿ ಹತ್ತುತ್ತಿದ್ದ. ಯಾರಾದರೂ ಸ್ವರ ತಪ್ಪಿದರೆ ತಡೆದುಕೊಳ್ಳಲಾರ. ತನ್ನ ಮದುವೆಯ ದಿನವೂ ಹಾಡುವವರನ್ನು ಮೂರು ಸಲ ನಿಲ್ಲಿಸಿದನಂತೆ. ಹೆಂಡತಿ ನಾಲ್ಕು ಸಲ ಎನ್ನುತ್ತಿದ್ದಳು.

ಸಂಜೆ ಹೊತ್ತು ಹಾಡುವ ಹಳೆಯ ಕೀರ್ತನೆಯೊಂದರ ಪದ ಉಳಿದು ರಾಗ ಮರೆತುಹೋಗಿತ್ತು. ಹೊಳೆಯ ನಡುವೆ ಪುಟ್ಟ ದ್ವೀಪದಂತಿರುವ ಕುದ್ರುವಿನಲ್ಲಿ ಚಾಪೆ ಹೆಣೆಯುವ ಒಬ್ಬ ವಿಧವೆಗೆ ಅದು ಗೊತ್ತು ಎಂದು ಯಾರೋ ಹೇಳಿದರು. ಪಂಡಿತ ಹೋದ. ಅವಳು ಗಂಜಿ ಬಡಿಸಿದಳು. ಉಂಡು ಜಗಲಿಯಲ್ಲಿ ಒರಗಿದ. ಕಣ್ಣು ಮುಚ್ಚಿತೋ ಇಲ್ಲವೋ, ಓಲೆ ಹೆಣೆಯುವ ಸದ್ದಿನೊಳಗಿಂದ ರಾಗ ಎದ್ದಿತು. ಹೊಳೆ ನಿಂತು, ಜಗಲಿಯೇ ದೋಣಿಯಾಗಿ ತೇಲಿದಂತಾಯಿತು. ಎಚ್ಚರವಾದಾಗ ರಾಗ ಅವನ ಪುಸ್ತಕದಲ್ಲಿತ್ತು. ಯಾವಾಗ ಬರೆದುಕೊಂಡನೋ ಅವನಿಗೇ ತಿಳಿಯದು.

ಆ ರಾಗದಿಂದ ಅವನು ದೊಡ್ಡವನಾದ. ಅದು ಬಹಳ ಪ್ರಾಚೀನವಾದದ್ದೆಂದು ಪ್ರಬಂಧ ಬರೆದ. ಶಿಷ್ಯರಿಗೆ ಕಲಿಸಿದ, ಅವರು ಸಭೆಗಳಿಗೆ ಕಲಿಸಿದರು. ಜನ ಅದನ್ನು ಹಾಡಿ ಮಕ್ಕಳನ್ನು ಮಲಗಿಸಿದರು, ಸತ್ತವರನ್ನು ಮಣ್ಣು ಮಾಡಿದರು.

ಕೆಲಸದಿಂದ ನಿವೃತ್ತನಾಗುವ ವರ್ಷ, ಅವನೇ ಸಿದ್ಧಪಡಿಸಿದ ಹೊಸ ಕೀರ್ತನೆ ಪುಸ್ತಕ ಅಚ್ಚಿಗೆ ಹೊರಟಿತ್ತು. ರಾಗ ಕೊಟ್ಟವಳ ಹೆಸರು ಹಾಕಬೇಕಲ್ಲ. ಕರಡು ಹಾಳೆ ಹಿಡಿದು ಮತ್ತೆ ಕುದ್ರುವಿಗೆ ಹೋದ. ವಿಧವೆ ಈಗ ಹಣ್ಣು ಹಣ್ಣು ಮುದುಕಿ.

"ಯಾವ ರಾಗ ಮಾಸ್ಟ್ರೇ?" ಎಂದಳು. ಅವನು ಹಾಡಿ ತೋರಿಸಿದ.

ಮುದುಕಿ ಬೊಚ್ಚುಬಾಯಿ ತುಂಬ ನಕ್ಕಳು. "ಇದಾ? ಆ ದಿನ ನಾನು ಹಾಡಿದ್ದು ಇದಾ? ಅಯ್ಯೋ ಮಾರಾಯ್ರೇ, ಹಳೇ ರಾಗ ನನಗೂ ಮರೆತೇ ಹೋಗಿತ್ತು. ಅಷ್ಟು ದೂರದಿಂದ ಬಂದವರನ್ನು ಹಾಗೇ ಕಳಿಸುವುದು ಹೇಗೆ? ಬಾಯಿಗೆ ಬಂದದ್ದನ್ನು ಹಾಡಿದೆ. ನೀವೂ ಅರ್ಧ ನಿದ್ದೆಯಲ್ಲಿದ್ದಿರಿ, ಎಲ್ಲಿ ತಿಳಿದೀತು ಅಂದುಕೊಂಡೆ!"

ಪಂಡಿತನಿಗೆ ತನ್ನ ಪ್ರಬಂಧ, ಹೆಸರು, ಮೂವತ್ತು ವರ್ಷ, ಎಲ್ಲವೂ ಹೊಳೆಯ ಮೇಲಿನ ಮಂಜಿನಂತೆ ಕಂಡವು. ಸುಮ್ಮನಿದ್ದರೆ ಸುಳ್ಳು ಅಚ್ಚಾಗುತ್ತದೆ. ಬಾಯಿಬಿಟ್ಟರೆ ಮರ್ಯಾದೆ ಹೋಗುತ್ತದೆ. ಪಂಡಿತ ಪೆನ್ನು ತೆಗೆದ. "ಈ ರಾಗವನ್ನು ಹೊಡೆದುಹಾಕುತ್ತೇನೆ ಅಜ್ಜಿ" ಎಂದ.

"ಹಾಕಿ. ಅದಕ್ಕೆ ಮೊದಲು ನನಗೊಮ್ಮೆ ಕಲಿಸಿ. ನನ್ನ ತಮ್ಮನ ಮಣ್ಣಿನ ದಿನ ಸಭೆಯವರೆಲ್ಲ ಇದನ್ನೇ ಹಾಡಿದರು. ನನಗೊಬ್ಬಳಿಗೇ ಬರಲಿಲ್ಲ."

ಅವನು ಒಂದೊಂದೇ ಸಾಲು ಹೇಳಿಕೊಟ್ಟ. ಅವಳು ಕಣ್ಣು ಮುಚ್ಚಿ ಹಾಡಿದಳು. ಹೊಡೆದುಹಾಕಲು ತೆಗೆದ ಪೆನ್ನು ಹಾಳೆಯ ಮೇಲೆ ಮೆಲ್ಲಗೆ ತಾಳ ಹಾಕತೊಡಗಿತು. ಮೂರನೆಯ ಸಾಲಿನಲ್ಲಿ ಅವಳ ದನಿ ಒಂದು ಸ್ವರ ಕೆಳಗೆ ಜಾರಿತು.

"ಅಲ್ಲ ಅಜ್ಜಿ, ಅಲ್ಲಿ ತಪ್ಪಾಯಿತು. ಮೇಲಕ್ಕೆ ಹೋಗಬೇಕು" ಎಂದ ಪಂಡಿತ.

ಪುಸ್ತಕ ಅಚ್ಚಾದಾಗ ಆ ರಾಗ ಅದರಲ್ಲಿತ್ತು. ಕೆಳಗೆ 'ಪ್ರಾಚೀನ' ಎಂದಿರಲಿಲ್ಲ. ಮುದುಕಿಯ ಹೆಸರಿತ್ತು, ಒಂದು ಮಧ್ಯಾಹ್ನ ಅವಳು ಅದನ್ನು ಹೇಗೆ ಕಟ್ಟಿದಳೆಂಬುದೂ ಇತ್ತು. ಜನ ಪಂಡಿತನನ್ನು ನೋಡಿ ಒಂದು ವಾರ ನಕ್ಕರು. ಭಾನುವಾರ ಎದ್ದು ನಿಂತು ಅದನ್ನೇ ಹಾಡಿದರು.

ಕತೆ ಮುಗಿಯಿತು. ಬೆನ್ಯಾಮಿನನಿಗೆ ನಗು ತಡೆಯಲಾಗಲಿಲ್ಲ. "ಅದೆಲ್ಲ ಇರಲಿ ಗುರುಗಳೇ, ರಾಗ ಕಟ್ಟಿದವಳಿಗೇ ತಪ್ಪು ಎಂದನಲ್ಲ! ಅವಳು ಕೇಳಿಕೊಂಡು ಸುಮ್ಮನಿದ್ದಳೇ?"

"ಇಲ್ಲ," ಎಂದರು ಗುರುಗಳು, "ತಿದ್ದಿಕೊಂಡು ಹಾಡಿದಳು."